ಒಂದು ಗೇಣು ಮುಂದೆ ಸರಿಸಿದ ದೀಪ

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಸೊಂಟ ನೋವು' ಎಂದು ಬರೆದವಳು ನಾನು. ಅವಳು ಬಂದದ್ದು ಸೊಂಟ ನೋವಿಗಲ್ಲ ಎಂದು ಗೊತ್ತಿದ್ದೇ ಬರೆದೆ. ಬರೆಯುವಾಗ ಏನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬವೂ ಇತ್ತು ನನಗೆ. ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ತಲೆ ತಾನಾಗಿ ತಗ್ಗುತ್ತದೆ.

ನಾನು ಶಹಾಪುರದಲ್ಲಿ ಫಿಸಿಯೋಥೆರಪಿ ಮಾಡುವವಳು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಗೋದಾಮಿಗೆ ಅಂಟಿಕೊಂಡ ಎರಡು ಕೋಣೆಗಳೇ ನನ್ನ ಕೇಂದ್ರ. ಭತ್ತದ ನಾಟಿ ಮಾಡಿ ನಡ ಹಿಡಿದ ಹೆಂಗಸರು, ಚೀಲ ಹೊತ್ತು ಹೆಗಲು ಕೆಟ್ಟ ಹಮಾಲರು, ಮೊಣಕಾಲು ಬಾತ ಮುದುಕರು, ಇವರೇ ನನ್ನ ಜನ. ಅವರಿಗೆಲ್ಲ ನನ್ನ ಬಳಿ ಅಚ್ಚುಮೆಚ್ಚಿನ ವಸ್ತುವೆಂದರೆ ಇನ್ಫ್ರಾರೆಡ್ ದೀಪ. ಗಾಲಿಯ ಸ್ಟ್ಯಾಂಡಿನ ಮೇಲೆ ಕುತ್ತಿಗೆ ಬಾಗಿಸಿಕೊಂಡು ನಿಂತಿರುವ ಆ ದೀಪಕ್ಕೆ ಅವರು 'ಶಾಖದ ಲೈಟು' ಎನ್ನುತ್ತಾರೆ. ವ್ಯಾಯಾಮ ಹೇಳಿಕೊಟ್ಟರೆ ಮುಖ ಸಿಂಡರಿಸುವವರು ಶಾಖ ಕೊಡುತ್ತೇನೆಂದರೆ ಹಾಸಿಗೆಯ ಮೇಲೆ ತಾವೇ ಹತ್ತಿ ಮಲಗುತ್ತಾರೆ.

ಯಾದಗಿರಿಯಲ್ಲಿ ನನಗೆ ಪರಿಚಯದ ಚರ್ಮರೋಗದ ಡಾಕ್ಟರಮ್ಮ ಒಬ್ಬರಿದ್ದಾರೆ. ಒಂದು ದಿನ ಅವರ ಫೋನು ಬಂತು.

"ನಿನ್ನ ಹತ್ರ ಇನ್ಫ್ರಾರೆಡ್ ಲೈಟ್ ಅದಲ್ಲ, ತಾಪ ಅಳಿಯೋ ತಂತಿನೂ ಅದಲ್ಲ? ಒಬ್ಬಾಕಿಗೆ ಬೇಕಾಗ್ಯದ. ಕೆಳಗ ಹರ್ಪಿಸ್ ಅದ, ಮತ್ತ ಮತ್ತ ಏಳ್ತದ."

ಜನನಾಂಗದ ಹರ್ಪಿಸ್ ಎಂಬುದು ಸರ್ಪಸುತ್ತಿನ ದಾಯಾದಿ. ನೀರುಗುಳ್ಳೆಗಳು ಏಳುತ್ತವೆ, ಒಡೆದು ಉರಿಯುತ್ತವೆ, ಒಣಗುತ್ತವೆ. ರೋಗ ಹೋಯಿತು ಎಂದುಕೊಂಡರೆ ಹೋಗಿರುವುದಿಲ್ಲ. ನರದ ಬುಡದಲ್ಲಿ ಹೋಗಿ ಮಲಗಿರುತ್ತದೆ, ಮೈ ಸೋತಾಗ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳಲಾಗದು. ಗುಳ್ಳೆ ಏಳುವ ಜಾಗದ ಚರ್ಮವನ್ನು ನಲವತ್ನಾಲ್ಕು ಡಿಗ್ರಿಗೆ ಅರ್ಧ ತಾಸು ಬೆಚ್ಚಗಿಟ್ಟರೆ ಏಳುವುದು ಕಡಿಮೆಯಾಗಬಹುದು ಎಂದು ಕೆಲವರು ಹೇಳುತ್ತಾರಂತೆ.

"ಪುರಾವಿ ಪಕ್ಕಾ ಇಲ್ಲ. ನನಗೂ ಪೂರ್ತಿ ನಂಬಿಕಿ ಇಲ್ಲ," ಎಂದರು ಡಾಕ್ಟರಮ್ಮ. "ಆದ್ರ ಅಕಿ ಬಾಳ ಸೋತಾಳ. ಗುಳಿಗಿ ಜೋಡಿ ನೋಡೂಣು. ಗಾಯ ಹಸಿ ಇದ್ದಾಗ ಮಾಡಬ್ಯಾಡ, ಒಣಗಿದ ಮ್ಯಾಲ ಮಾಡು. ತಂತಿ ನೀನೇ ನಿನ್ನ ಕೈಲೆ ಹಚ್ಚು. ಹತ್ತತ್ತು ನಿಮಿಷಕ್ಕ ಚರ್ಮ ಕಣ್ಣಾರೆ ನೋಡು. ನಲವತ್ನಾಕರ ಮ್ಯಾಲ ಒಂದು ಚೂರೂ ಹೋಗಬಾರದು."

"ಹೂಂನ್ರಿ ಮೇಡಂ, ಇದೇನು ನನಗ ಹೊಸಾದೇನು?" ಎಂದೆ. ಅಂದೆನಲ್ಲ, ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮೂರು ದಿನ ಬಿಟ್ಟು ಅವಳು ಬಂದಳು. ಸುರಪುರ ದಾಟಿ ಒಂದು ಹಳ್ಳಿ ಅವಳದು. ಅಲ್ಲಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಕೂಲಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನಿಗೂ ಪರೀಕ್ಷೆ ಆಗಬೇಕು, ಕರೆದುಕೊಂಡು ಬಾ ಎಂದು ಡಾಕ್ಟರಮ್ಮ ಹೇಳಿದ್ದರು, ಅವನು ಬಂದಿರಲಿಲ್ಲ. ಸುರಪುರದಲ್ಲೇ ಆಸ್ಪತ್ರೆಗಳಿದ್ದರೂ ಗುರುತಿನವರು ಕಂಡಾರು ಎಂದು ಬಸ್ಸು ಹತ್ತಿ ಶಹಾಪುರಕ್ಕೆ ಬಂದಿದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಕುರ್ಚಿಯ ಅಂಚಿನಲ್ಲಿ ಕೂತು, ಮೊದಲ ಮಾತಿಗೇ ಕಣ್ಣಲ್ಲಿ ನೀರು ತಂದುಕೊಂಡಳು.

"ಮೇಡಂರಿ, ಇದು ಸಾಲ್ಯಾಗ ಗೊತ್ತಾದ್ರ ನನ್ನ ಕೈಯಾಗಿನ ಅನ್ನ ಒಂದು ಕೂಸೂ ಉಣ್ಣಂಗಿಲ್ರಿ. ಮನ್ಯಾಗ ಅತ್ತಿ ಒಲಿ ಮುಂದ ಕುಂಡ್ರಾಕ ಬಿಡಂಗಿಲ್ಲ."

"ಅನ್ನದಾಗ ಹರಡೋ ರೋಗ ಅಲ್ಲವಾ ಇದು."

"ನಿಮಗ ಗೊತ್ತೈತ್ರಿ. ನಮ್ಮೂರಿಗೆ ಯಾರು ಹೇಳ್ತಾರ್ರಿ?"

ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇರುತ್ತದೆ, ಬಂದವರೆಲ್ಲ ಬಗ್ಗಿ ಓದುತ್ತಾರೆ. ಅವಳ ಕಣ್ಣೆದುರೇ 'ಸೊಂಟ ನೋವು' ಎಂದು ಬರೆದು ಓದಿ ಹೇಳಿದೆ. ಅವಳು ನನ್ನ ಮುಖವನ್ನು ಒಂದು ಥರಾ ಬೆರಗಿನಿಂದ ನೋಡಿದಳು. ಕೃತಜ್ಞತೆ ಎಂದುಕೊಂಡೆ.

ಈಗ ನನ್ನ ಕೆಲಸದ ರೀತಿ ಹೇಳಬೇಕು. ಶಾಖ ಕೊಡುವ ಮುಂಚೆ ನಾನು ಪ್ರತಿಯೊಬ್ಬರಿಗೂ ಎರಡು ಗಾಜಿನ ಕೊಳವೆಗಳ ಪರೀಕ್ಷೆ ಮಾಡುತ್ತೇನೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಕಣ್ಣು ಮುಚ್ಚಿಸಿ ಒಂದೊಂದಾಗಿ ಚರ್ಮಕ್ಕೆ ತಾಗಿಸಿ 'ಇದು ಬಿಸಿಯೋ ತಣ್ಣಗೋ' ಎಂದು ಕೇಳುತ್ತೇನೆ. ಗೊತ್ತಾಗದವರಿಗೆ ಶಾಖ ಕೊಡುವುದಿಲ್ಲ. ಹಮಾಲರು ಬೇಕೆಂದೇ ಉಲ್ಟಾ ಹೇಳಿ ನಗುತ್ತಾರೆ, ನಾನು ಬೈಯುತ್ತೇನೆ. ಒಬ್ಬರಿಗೂ ಅದನ್ನು ಬಿಟ್ಟವಳಲ್ಲ ನಾನು.

ಇವಳಿಗೆ ಬಿಟ್ಟೆ.

ಹೊತ್ತಿಲ್ಲವೆಂದು ಬಿಡಲಿಲ್ಲ. ಅಲ್ಲಿಗೆ ಕೈ ಹೋಗಬೇಕಲ್ಲ ಎಂದು ಬಿಟ್ಟೆ. ಹೇಸಿಗೆಯಾಗಿತ್ತು ನನಗೆ, ಬೇರೆ ಹೆಸರು ಯಾಕೆ ಕೊಡಲಿ? ಓದಿದವಳು, ಒಂದು ಜೊತೆ ಕೈಗವಸು ಸಾಕು ಎಂದು ತಿಳಿದವಳು, ಎರಡು ಜೊತೆ ಹಾಕಿಕೊಂಡೆ. ಮಾಸ್ಕು ಕಟ್ಟಿದೆ. ತಾಪ ಅಳೆಯುವ ತಂತಿಯ ತುದಿಯನ್ನು ಅವಳ ಮುಂದೆಯೇ ಸ್ಪಿರಿಟಿನಿಂದ ಒಂದು ಸಲ ಒರೆಸಿದೆ, ಸಮಾಧಾನವಾಗದೆ ಇನ್ನೊಂದು ಸಲ ಒರೆಸಿದೆ. ಅವಳು ಅದನ್ನೇ ನೋಡುತ್ತಿದ್ದಳು.

"ತಗೋ, ಗುಳ್ಳಿ ಏಳೋ ಜಾಗಾದಾಗ ನೀನೇ ಇಟ್ಕೊಂಡು ಮ್ಯಾಲ ಪಟ್ಟಿ ಹಚ್ಕೊ," ಎಂದು ಹಾಸಿಗೆಯ ಸುತ್ತಲಿನ ಪರದೆಯ ಸಂದಿಯಿಂದ ತಂತಿಯನ್ನು ಅವಳ ಕೈಗೆ ಕೊಟ್ಟು, ದೀಪದ ಕುತ್ತಿಗೆಯನ್ನು ಒಳಗೆ ಬಾಗಿಸಿ, ನಾನು ಹೊರಗೆ ನಿಂತೆ. ತಂತಿಯ ಇನ್ನೊಂದು ತುದಿಯ ಚಿಕ್ಕ ಮೀಟರಿನಲ್ಲಿ ಅಂಕಿ ಕಾಣುತ್ತದೆ. ಅದನ್ನು ನೋಡಿದರೆ ಸಾಕಲ್ಲ, ಅವಳನ್ನು ಯಾಕೆ ನೋಡಬೇಕು?

ಮೊದಲನೆಯ ದಿನ ಅಂಕಿ ಮೂವತ್ತೊಂಬತ್ತಕ್ಕೆ ನಿಂತುಬಿಟ್ಟಿತು. ದೀಪ ಎರಡು ಅಡಿ ದೂರದಲ್ಲಿತ್ತು. ಅರ್ಧ ತಾಸಾದರೂ ಅಂಕಿ ಅಲ್ಲಾಡಲಿಲ್ಲ. ನನಗೆ ಕಿರಿಕಿರಿಯಾಯಿತು. ಹೋಗುವಾಗ ಅವಳು "ಹಗುರ ಅನಸ್ತೈತ್ರಿ," ಎಂದಳು, ನನ್ನ ಸಮಾಧಾನಕ್ಕೆ.

ಎರಡನೆಯ ದಿನ ಮತ್ತೆ ಅದೇ ಆಯಿತು. ಮೂವತ್ತೊಂಬತ್ತು, ನಲವತ್ತು, ಅಷ್ಟೇ. ನಾನು ಸ್ಟ್ಯಾಂಡಿನ ಗಾಲಿಯನ್ನು ಕಾಲಿನಿಂದ ನೂಕಿ ದೀಪವನ್ನು ಒಂದು ಗೇಣು ಮುಂದೆ ಸರಿಸಿದೆ.

"ತಡಕೊಳ್ಳಾಕ ಆಗ್ತದಲ್ಲ?"

"ಆಗತೈತ್ರಿ."

ನಲವತ್ತೊಂದಾಯಿತು. ಇನ್ನೂ ನಾಲ್ಕು ಬೆರಳು ಸರಿಸಿದೆ. "ಜರಾ ತಡಕೊ, ಇನ್ನೊಂದೀಟು ಏರಬೇಕು," ಎಂದೆ. ಒಳಗಿಂದ ಉಸಿರು ಎಳೆದುಕೊಂಡ ಸದ್ದು ಬಂತು. "ಆಗ್ತದಲ್ಲ?" ಎಂದೆ ಮತ್ತೆ. "ಆಗತೈತ್ರಿ," ಎಂದಳು. ನಲವತ್ತೆರಡು, ನಲವತ್ತಮೂರು, ಕೊನೆಗೆ ಮುಟ್ಟಿತು ನಲವತ್ನಾಲ್ಕನ್ನು. ನನಗೆ ಏನು ಖುಷಿ! ಗಡಿಯಾರ ನೋಡಿ ಪೂರ್ತಿ ಅರ್ಧ ತಾಸು ಇಟ್ಟೆ. ಮಧ್ಯದಲ್ಲಿ ಪರದೆ ಸರಿಸಿ ನೋಡಲಿಲ್ಲ. ಹೊರಡುವಾಗ ಅವಳು ಕಾಲು ಅಗಲಿಸಿ ನಡೆದು ಹೋದಳು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದದ್ದನ್ನು ಬೀಳಲಿಲ್ಲ ಎಂದುಕೊಂಡೆ.

ತಡಕೋ ಎಂಬ ಮಾತು ನಮ್ಮ ಕಡೆಯ ಹೆಂಗಸರಿಗೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ನಾನೂ ಇಲ್ಲೇ ಬಾಣಂತಿಯಾದವಳು. ತವರಿನಲ್ಲಿ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟಿದ್ದರು. ಅಜಿವಾನದ ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು, ಬೆನ್ನು ಚುರುಚುರು ಎನ್ನುತ್ತಿತ್ತು. ಮಗ್ಗಲು ಬದಲಿಸಲು ಹೋದರೆ ಅಮ್ಮ "ತಡಕೋ, ತಡಕೊಂಡಷ್ಟೂ ನಡಾ ಗಟ್ಟಿ ಆಗ್ತದ" ಎನ್ನುತ್ತಿದ್ದಳು. ನಾನು ತಡೆದುಕೊಂಡೆ. ಇವಳು ಮೂರು ಹೆತ್ತವಳು, ಮೂರು ಸಲ ಕೆಂಡದ ಮೇಲೆ ಮಲಗಿ ಎದ್ದವಳು. ದೊಡ್ಡವರು ತಡಕೋ ಎಂದಮೇಲೆ ಬಿಸಿಯಿಂದ ಸರಿದು ಅವಳಿಗೆ ಅಭ್ಯಾಸವೇ ಇಲ್ಲ. ನಾನು ಸರಿಯಾಗಿ ಅದೇ ಮಾತನ್ನು ಹೇಳಿ ಪರದೆಯಾಚೆ ನಿಂತಿದ್ದೆ.

ಮೂರನೆಯ ದಿನ ಅವಳು ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ಬಳಿ ಗೋಡೆ ಹಿಡಿದು ನಿಂತಿದ್ದಳು. ಕೂರಲಿಕ್ಕೆ ಆಗುತ್ತಿರಲಿಲ್ಲ.

ಆವತ್ತು ಮೊದಲ ಸಲ ನೋಡಿದೆ. ತೊಡೆಯ ಒಳಮಗ್ಗುಲಲ್ಲೂ ಗುಪ್ತಾಂಗದ ಅಂಚಿನಲ್ಲೂ ಸುಟ್ಟ ಬೊಬ್ಬೆಗಳು, ಒಂದೆರಡು ಒಡೆದಿದ್ದವು. ಹರ್ಪಿಸಿನ ಗುಳ್ಳೆ ಅಲ್ಲ, ಯಾರು ನೋಡಿದರೂ ಹೇಳಬಹುದಾದ ಸುಟ್ಟ ಗಾಯ. ಆಗ ನನಗೆ ಬಂದ ಮೊದಲ ಯೋಚನೆ ಯಾವುದು ಎಂದು ಬರೆಯದೆ ಹೋದರೆ ಇದನ್ನು ಬರೆದು ಪ್ರಯೋಜನವಿಲ್ಲ. ಅಯ್ಯೋ ಪಾಪ ಎಂದಲ್ಲ. 'ಯಾರಿಗೆ ಹೇಳ್ಯಾಳ ಇವಳು?' ಎಂದು.

"ಮನ್ಯಾಗ ನೋಡ್ಯಾರೇನು?"

"ಅತ್ತಿ ಕೇಳಾಕತ್ತಾಳ್ರಿ, ಯಾಕ ಹಿಂಗ ನಡೀತಿ ಅಂತ. ಏನೂ ಹೇಳಿಲ್ರಿ."

"ಸಾಲ್ಯಾಗ ಸಾರು ಚೆಲ್ಲಿತು ಅಂತ ಹೇಳು," ಎಂದೆ. ಅಷ್ಟು ಸಲೀಸಾಗಿ ಬಂತು ಬಾಯಿಗೆ. "ಅಡಿಗಿ ಮಾಡಾಕಿ, ಸಾರು ಚೆಲ್ಲಿತಂದ್ರ ಯಾರೂ ಎರಡನೇ ಮಾತು ಕೇಳಂಗಿಲ್ಲ. ನಿನ್ನ ಗುಟ್ಟೂ ಉಳೀತದ."

ನನ್ನದೂ ಉಳೀತದ ಎಂಬುದನ್ನು ಹೇಳಲಿಲ್ಲ. ಅವಳು "ಹೂಂನ್ರಿ" ಎಂದಳು. ಆಗಲೇ ಯಾದಗಿರಿಗೆ ಕರೆದುಕೊಂಡು ಹೋಗಬೇಕಿತ್ತು. ಸುಟ್ಟ ಗಾಯದ ಮುಲಾಮು ಬಳಿದು, ಬಟ್ಟೆ ಇಟ್ಟು, ನಾಲ್ಕು ದಿನದಲ್ಲಿ ಮಾಯುತ್ತದೆ ಎಂದು ಹೇಳಿ ಊರಿಗೆ ಕಳಿಸಿದೆ. ಡಾಕ್ಟರಮ್ಮನಿಗೆ ಫೋನು ಮಾಡಲಿಲ್ಲ. ಎರಡು ಸಲ ಮೊಬೈಲು ಕೈಗೆತ್ತಿಕೊಂಡೆ, ಎರಡು ಸಲವೂ ಯಾರೋ ಮೊಣಕಾಲು ಹಿಡಿದುಕೊಂಡು ಬಂದರು, ಕೆಳಗಿಟ್ಟೆ. ಬರದಿದ್ದರೂ ಇಡುತ್ತಿದ್ದೆ.

ಮೂರು ದಿನದ ಮೇಲೆ ಅವಳೇ ಫೋನು ಮಾಡಿದಳು.

"ಮೇಡಂರಿ, ಅಕಿನ್ನ ಬರಬ್ಯಾಡ ಅಂದಾರ್ರಿ."

"ಯಾರನ್ನ?"

"ನನ್ನ ಜೋಡಿ ಅಡಿಗಿ ಮಾಡಾಕಿನ್ನರಿ. ಸಾರಿನ ಬೋಗಾಣಿ ಇಬ್ರೂ ಹಿಡದಽ ಇಳಸ್ತೀವ್ರಿ. ಅಕಿ ಕೈ ಬಿಟ್ಟಿದ್ದಕ್ಕ ನನ್ನ ಮ್ಯಾಲ ಚೆಲ್ಲಿತು ಅಂತ ಹೆಡ್ಮಾಸ್ತರು ತಿಳಕೊಂಡಾರ. ವಿಚಾರಣೆ ಆಗೋಮಟ ಬರಬ್ಯಾಡ ಅಂದಾರ. ಅಕಿ ನಿನ್ನೆ ಮನಿಗೆ ಬಂದು ಅತ್ತಿ ಮುಂದ ನಿಂತು ಕೇಳಿದಳ್ರಿ, ಯಾವತ್ತು ಚೆಲ್ಲಿತು ಹೇಳು ಅಂತ. ನಾ ಏನ್ ಹೇಳ್ಲಿರಿ? ಮುಸುಕು ಹಾಕ್ಕೊಂಡು ಮಲಗಿದೆ."

ಆಮೇಲೆ ಅವಳು ಮೆಲ್ಲಗೆ, "ಮೈ ಕಾದೈತ್ರಿ. ಗಾಯದಾಗ ವಾಸನಿ ಬರಾಕತ್ತೈತಿ," ಎಂದಳು.

ಅವತ್ತಿನ ರೋಗಿಗಳಿಗೆಲ್ಲ ನಾಳೆ ಬನ್ನಿ ಎಂದು ಬಾಗಿಲು ಹಾಕಿದೆ. ಬಾಡಿಗೆ ಜೀಪು ಮಾಡಿಕೊಂಡು ಅವಳ ಊರಿಗೆ ಹೋಗಿ, ಅತ್ತೆಗೆ ಗಾಯವನ್ನು ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆ ಎಂದಷ್ಟೇ ಹೇಳಿ, ಯಾದಗಿರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಸೀಟಿನ ಮೇಲೆ ಒಂದು ಮಗ್ಗುಲಾಗಿ, ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದಳು. ಗುಂಡಿ ಬಂದಾಗಲೆಲ್ಲ ತುಟಿ ಕಚ್ಚುತ್ತಿದ್ದಳು, ಒಂದು ಸಲವೂ ನರಳಲಿಲ್ಲ.

ಡಾಕ್ಟರಮ್ಮ ಗಾಯ ನೋಡಿದರು. ಸ್ವಚ್ಛ ಮಾಡಿದರು, ಇಂಜೆಕ್ಷನ್ ಕೊಟ್ಟರು, ದಿನಾ ಡ್ರೆಸ್ಸಿಂಗ್ ಆಗಬೇಕೆಂದು ಬರೆದರು. ಅಷ್ಟಾಗುವ ತನಕ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಕೈ ತೊಳೆಯುತ್ತಾ ಕೇಳಿದರು.

"ತಾಪ ಎಷ್ಟಿತ್ತು?"

"ನಲವತ್ನಾಕು ಇತ್ರಿ. ಮ್ಯಾಲ ಹೋಗಿಲ್ಲ."

"ನಲವತ್ನಾಕಕ್ಕ ಹಿಂಗ ಸುಡಂಗಿಲ್ಲ. ತಂತಿ ಎಲ್ಲಿ ಹಚ್ಚಿದ್ದಿ?"

ತಂತಿ ಎಲ್ಲಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರಮ್ಮ ನನ್ನನ್ನು ಬಿಟ್ಟು ಅವಳನ್ನು ಕೇಳಿದರು.

"ಟವೆಲ್ ಮಡಚಿ ತೊಡಿ ಮ್ಯಾಲ ಇಟ್ಕೊಂಡಿದ್ದೆರಿ," ಎಂದಳು ಅವಳು. "ಆ ಮಡಿಕ್ಯಾಗ ಇಟ್ಟಿದ್ದೆ."

"ಮೈಗೆ ಯಾಕ ಹಚ್ಕೊಳ್ಳಿಲ್ಲ?"

ಅವಳು ನನ್ನ ಕಡೆ ಒಂದು ಸಲ ನೋಡಿ ಕಣ್ಣು ಕೆಳಗೆ ಹಾಕಿದಳು. "ಅವರು ಅದನ್ನ ಎರಡು ಸಲ ಒರಸಿದರ್ರಿ. ಬ್ಯಾರೆ ಮಂದಿಗೂ ಹಚ್ಚೋ ಸಾಮಾನು. ನಂದು ಅದಕ್ಕ ಹತ್ತಬಾರದು ಅಂತ ಅನಿಸ್ತು."

ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದು ಇಂಥ ಹೊತ್ತಿಗೇ ಇರಬೇಕು. ಟವೆಲಿನ ಮಡಿಕೆಯ ತಾಪ ಓದಿ, ಸಾಲದು ಸಾಲದು ಎಂದು ನಾನು ದೀಪ ಮುಂದೆ ಸರಿಸಿದ್ದೆ. ಆ ಟವೆಲು ನಲವತ್ನಾಲ್ಕು ಮುಟ್ಟುವ ಹೊತ್ತಿಗೆ ಬರಿಯ ಚರ್ಮದ ಗತಿ ಏನಾಗಿತ್ತೋ. ಅವಳು ತನ್ನ ರೋಗ ನನ್ನ ತಂತಿಗೆ ತಾಗಬಾರದೆಂದು ಕಾಪಾಡಿದಳು. ನಾನು ಅವಳನ್ನು ನೋಡಲೂ ಇಲ್ಲ.

"ನಿನಗ ಹೇಸಿಗಿ ಇದ್ರ ಫೋನಿನಾಗೇ ಹೇಳಬೇಕಿತ್ತು. ನಾ ಬ್ಯಾರೆ ದಾರಿ ನೋಡ್ತಿದ್ದೆ," ಎಂದರು ಡಾಕ್ಟರಮ್ಮ. ಬೈದಿದ್ದರೆ ಚೆನ್ನಾಗಿತ್ತು. ಅವರ ದನಿ ಏರಲೇ ಇಲ್ಲ. ಶಾಖದ ಮಾತು ಅಲ್ಲಿಗೇ ಮುಗಿಯಿತು. ಗುಳಿಗೆಯನ್ನು ದಿನಾ ತಪ್ಪದೆ ನುಂಗಬೇಕು, ಗಂಡ ಬರದೆ ಹೋದರೆ ಅವನಿಗೆ ತಾನೇ ಫೋನು ಮಾಡುತ್ತೇನೆ ಎಂದು ಅವಳಿಗೆ ಹೇಳಿದರು.

ವಾಪಸು ಬರುವಾಗ ನಾನು ಜೀಪಿನಲ್ಲಿ ಲೆಕ್ಕಾಚಾರ ಹಾಕುತ್ತಿದ್ದೆ. ಆ ಜೊತೆಗಾರ್ತಿಯ ಕೆಲಸ ಉಳಿಸಬೇಕು ಎಂದರೆ ಸಾರು ಚೆಲ್ಲಲಿಲ್ಲ ಎಂದು ಹೇಳಬೇಕು. ಹೇಳಿದರೆ ಮತ್ತೆ ಹೇಗೆ ಸುಟ್ಟಿತು ಎಂದು ಕೇಳುತ್ತಾರೆ. ಇವಳ ಗುಟ್ಟು ಬಯಲಾಗುತ್ತದೆ. ಪಾಪ, ಇವಳಿಗೋಸ್ಕರವಾದರೂ ನಾನು ಸುಮ್ಮನಿರಬೇಕಲ್ಲ! ಇಷ್ಟು ಚೆಂದದ ನೆಪ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅದನ್ನೇ ಅವಳಿಗೆ ಹೇಳಿದೆ.

"ನಿನ್ನ ಸಂಬಂಧ ಸುಮ್ಮನದೀನಿ ನೋಡು. ಖರೇ ಹೇಳಿದ್ರ ನಿನ್ನ ಗತಿ ಏನು?"

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಅಲ್ಲಿಯ ತನಕ ಅವಳು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿರಲಿಲ್ಲ.

"ರೋಗ ನಂದ್ರಿ ಮೇಡಂರಿ. ಸುಟ್ಟಿದ್ದು ನಿಮ್ಮದಲ್ರಿ? ನಂದು ನಾ ಮುಚ್ಕೋತೀನಿ. ನಿಮ್ಮದು ನೀವು ಹೇಳ್ರಿ."

ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಾನು ಹೊರಗೆ ನೋಡಿದೆ. ಕಾಲುವೆ ನೀರಿನ ಭತ್ತದ ಗದ್ದೆಗಳು ಬಂದವು, ಹೋದವು. ಅಷ್ಟು ಸರಳವಾದ ಮಾತು ನನ್ನ ತಲೆಗೆ ಯಾಕೆ ಹೊಳೆದಿರಲಿಲ್ಲ? ಹೊಳೆಯಬಾರದು ಎಂದು ನಾನೇ ಬಾಗಿಲು ಹಾಕಿ ಕೂತಿದ್ದೆ.

ಮರುದಿನ ಶಾಲೆಗೆ ಹೋದೆ. ಹೆಡ್ಮಾಸ್ತರು ವಯಸ್ಸಾದವರು, ಮರ್ಯಾದಸ್ಥರು. "ಬರ್ರಿ ಮೇಡಂ, ಕೂಡ್ರಿ, ಚಾ ತರಸ್ತೀನಿ," ಎಂದರು. ಚಹಾ ಬೇಡ, ನೀವು ಬರಬೇಡ ಎಂದ ಅಡುಗೆಯ ಹೆಣ್ಣುಮಗಳನ್ನು ಕರೆಸಿ ಎಂದೆ. ಅವಳು ಮೂರು ಮನೆ ಆಚೆಯೇ ಇದ್ದಳು, ಬೇಗ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಒಳಗೆ ಬರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಎದ್ದು ನಿಂತೇ ಹೇಳಿದೆ.

"ಸಾರು ಚೆಲ್ಲಿಲ್ರಿ ಸರ್. ಇಕಿದೇನೂ ತಪ್ಪಿಲ್ಲ. ನನ್ನ ದವಾಖಾನ್ಯಾಗ ಶಾಖ ಕೊಡುವಾಗ ನನ್ನ ಲೈಟಿಗೆ ಸುಟ್ಟದ. ನಾ ಸರಿಯಾಗಿ ನೋಡಿಲ್ಲ. ತಪ್ಪು ನಂದು."

ಹೆಡ್ಮಾಸ್ತರು ಕನ್ನಡಕ ತೆಗೆದರು. "ಶಾಖ ಯಾತಕ್ಕ ಕೊಟ್ರಿ?"

"ಅದು ಅಕಿದು ಸರ್. ಅಕಿ ಹೇಳಬೇಕು, ನಾ ಹೇಳಂಗಿಲ್ಲ. ಯಾರಿಗೂ ಹತ್ತೋವಂಥಾದ್ದು ಅಡಿಗಿ ಮನ್ಯಾಗ ಏನೂ ಇಲ್ಲ, ಅಷ್ಟು ನಾ ಬರದು ಕೊಡ್ತೀನಿ. ಸುಟ್ಟಿದ್ದು ಮಾತ್ರ ನಂದು."

ಅವರು ಒತ್ತಾಯ ಮಾಡಲಿಲ್ಲ. ಕಾಗದ ಕೊಟ್ಟರು. ಇಂಥ ದಿನ, ನನ್ನ ಕೇಂದ್ರದಲ್ಲಿ, ನನ್ನ ಅಜಾಗರೂಕತೆಯಿಂದ ಸುಟ್ಟಿತು ಎಂದು ಬರೆದು ಸಹಿ ಮಾಡಿದೆ. ಬಾಗಿಲಲ್ಲಿದ್ದವಳು ಆಗ ಬಾಯಿ ಬಿಟ್ಟಳು.

"ಹಂಗಾದ್ರ ಸಾರು ಅಂತ ಯಾರು ಹುಟ್ಟಿಸಿದರ್ರಿ?"

"ನಾನೇ ಹೇಳಿಕೊಟ್ಟೆ."

"ನೀವಽ?" ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಓದಿದಾಕಿ ಇದ್ದೀರಿ. ಬೋಗಾಣಿ ಕೈಬಿಟ್ಟಾಕಿ ಅಂತ ಮೂರು ದಿನ ಊರಾಗ ಹುಡುಗರು ನನ್ನ ಅಣಗಿಸ್ಯಾರ್ರಿ. ನಾ ಹುಚ್ಚಿಗತೆ ಮನಿ ಮನಿಗೆ ಹೋಗಿ ಚೆಲ್ಲಿಲ್ಲ, ಚೆಲ್ಲಿಲ್ಲ ಅಂತ ಹೇಳೀನಿ."

"ಮಾಫ್ ಮಾಡವಾ," ಎಂದೆ.

ಅವಳು ಮಾಫ್ ಮಾಡಿದೆ ಎನ್ನಲಿಲ್ಲ, ಮಾಡಲ್ಲ ಎಂದೂ ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಲ್ಲಿಂದ ಸೀದಾ ಅಡುಗೆ ಕೋಣೆಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಬಂತು. ಇವತ್ತಿಗೂ ಸುರಪುರದ ಬಸ್ಸಿನಲ್ಲಿ ಎದುರಾದರೆ ಅವಳು ನನ್ನ ಕಡೆ ಬೆನ್ನು ತಿರುಗಿಸುತ್ತಾಳೆ. ಅದು ಅವಳ ಹಕ್ಕು.

ಶಹಾಪುರಕ್ಕೆ ಬಂದ ಮೇಲೆ ರಿಜಿಸ್ಟರು ತೆಗೆದೆ. 'ಸೊಂಟ ನೋವು' ಎಂಬುದರ ಮೇಲೆ ಒಂದು ಗೆರೆ ಎಳೆದು, 'ವೈದ್ಯರ ಚೀಟಿಯಂತೆ ಶಾಖ. ಎರಡನೆಯ ದಿನ ನನ್ನ ತಪ್ಪಿನಿಂದ ಸುಟ್ಟಿದೆ' ಎಂದು ಬರೆದೆ. ಮೇಜಿನ ಮೇಲೆ ತೆರೆದೇ ಇಟ್ಟೆ, ಬಗ್ಗಿ ಓದುವವರು ಓದಿದರು. ಸುದ್ದಿ ಹೇಗೋ ಹರಡಿತು. ಕೆಲವು ದಿನ ಬೆಂಚು ಖಾಲಿ ಇತ್ತು. ಹಮಾಲರು ಮಾತ್ರ ಬರುವುದು ಬಿಡಲಿಲ್ಲ. "ಮೇಡಂರಿ, ಹೆಗಲು ಕಾಸ್ರಿ ಸಾಕು, ರೊಟ್ಟಿ ಮಾಡಬ್ಯಾಡ್ರಿ," ಎಂದು ನಗುತ್ತಿದ್ದರು. ನಾನು ಬೈಯುವುದನ್ನು ಬಿಟ್ಟಿದ್ದೆ.

ಇಪ್ಪತ್ತು ದಿನ ನಾನೇ ಅವಳ ಊರಿಗೆ ಹೋಗಿ ಡ್ರೆಸ್ಸಿಂಗ್ ಮಾಡಿ ಬಂದೆ. ಒಂದೇ ಜೊತೆ ಕೈಗವಸು. ಅತ್ತೆ ಹೊರಗೆ ಕೂತು ಅಕ್ಕಿ ಆರಿಸುತ್ತಾ, "ಲೈಟಿಗೆ ಸುಟ್ಟಿದ್ದಂತ. ಅದರಕಿಂತ ನಮ್ಮ ಅಗ್ಗಿಷ್ಟಿಗಿ ಎಷ್ಟೋ ಬೇಶ್," ಎಂದು ನನಗೆ ಕೇಳುವಂತೆ ಅನ್ನುತ್ತಿದ್ದಳು. ಅವಳಿಗೆ ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಗಾಯ ಮಾಯಿತು, ಕಲೆ ಉಳಿಯಿತು. ಸೊಸೆ ಮತ್ತೆ ಅಡುಗೆಗೆ ಹೋದಳು. ಆಮೇಲೆ ನನಗೆ ಅಲ್ಲಿಗೆ ಹೋಗಲು ಕಾರಣ ಉಳಿಯಲಿಲ್ಲ.

ಆರು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅವಳು ತಾನಾಗಿ ನನ್ನ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು.

"ಮತ್ತ ಎದ್ದಾವೇನು?"

"ಇಲ್ರಿ. ಗುಳಿಗಿ ನುಂಗಾಕತ್ತೀನಿ. ನಡುವ ಒಂದಽ ಸಲ ಎದ್ದಿದ್ವು, ಜಲ್ದಿ ಒಣಗಿದ್ವು." ಆಮೇಲೆ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಒರಗಿ ಕೂತು, "ಸೊಂಟ ನೋವು ಐತ್ರಿ," ಎಂದಳು.

ನಾನು ತಲೆಯೆತ್ತಿದೆ.

"ಖರೇನ್ರಿ. ಬೋಗಾಣಿ ಎತ್ತಿ ಇಳಿಸಿ ನಾಕು ವರ್ಷದಿಂದ ಐತಿ. ಅವತ್ತು ನೀವು ಸೊಂಟ ನೋವು ಅಂತ ಬರದಾಗ ನನಗ ಬೆರಗು ಆತ್ರಿ, ಇವರಿಗೆ ಹ್ಯಾಂಗ ಗೊತ್ತಾತು ಅಂತ. ಆಮ್ಯಾಲ ಗೊತ್ತಾತು, ಸುಮ್ಮನ ಬರದಾರ ಅಂತ."

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಅಷ್ಟು ದಿನ ಅವಳ ಗಾಯ ತೊಳೆದೆನಲ್ಲ, ಬೇರೆ ಎಲ್ಲಾದರೂ ನೋಯುತ್ತದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ.

ಹಾಸಿಗೆಯ ಮೇಲೆ ಬೋರಲು ಮಲಗಿಸಿದೆ. ಎರಡು ಕೊಳವೆ ತಂದು ಕಣ್ಣು ಮುಚ್ಚಿಸಿ ಸೊಂಟಕ್ಕೆ ತಾಗಿಸಿದೆ. "ಇದು?" "ಬಿಸಿರಿ." "ಇದು?" "ತಣ್ಣಗೈತ್ರಿ." ತಂತಿಯನ್ನು ನನ್ನ ಕೈಯಿಂದಲೇ ಅವಳ ಚರ್ಮಕ್ಕೆ ಹಚ್ಚಿ ಪಟ್ಟಿ ಅಂಟಿಸಿದೆ. ಪರದೆ ಎಳೆದು ನಾನೂ ಒಳಗೇ ಕೂತೆ. ದೀಪ ಎರಡೂವರೆ ಅಡಿ ದೂರ.

"ಬಿಸಿ ಅನಿಸಿದ ಕೂಡ್ಲೇ ಹೇಳಬೇಕು ನೋಡು. ತಡಕೋಬ್ಯಾಡ."

ಐದು ನಿಮಿಷವಾಗಿರಬೇಕು. ಅಂಕಿ ಮೂವತ್ತಾರು ತೋರಿಸುತ್ತಿತ್ತು. ನನ್ನ ಅಂಗೈಯನ್ನು ಅವಳ ಬೆನ್ನಿನ ಮೇಲೆ ಹಿಡಿದೆ. ಉಗುರುಬೆಚ್ಚಗೂ ಇರಲಿಲ್ಲ.

"ಮೇಡಂರಿ, ಬಿಸಿ ಆತ್ರಿ," ಎಂದಳು.

ಅವಳ ಮುಖ ದಿಂಬಿನಲ್ಲಿತ್ತು, ಒಂದು ಕಣ್ಣು ಮಾತ್ರ ನನ್ನ ಕಡೆ ತೆರೆದಿತ್ತು. ನಾನು ಎದ್ದು ದೀಪವನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ.

"ಈಗ?"

"ಇನ್ನೂ ಬಿಸಿ ಐತ್ರಿ."

ಇನ್ನೊಂದು ಗೇಣು ಸರಿಸಿದೆ.

"ಈಗ?"

"ಇನ್ನೂ ಜರಾ."

ನಾನು ಅಂಕಿ ನೋಡಲಿಲ್ಲ. ಅವಳು ಹೇಳಿದಂತೆಲ್ಲ ಸರಿಸುತ್ತ ಹೋದೆ. ಸ್ಟ್ಯಾಂಡಿನ ಗಾಲಿ ಹಿಂದಿನ ಗೋಡೆಗೆ ಹೋಗಿ ಟಕ್ಕೆಂದು ತಾಗಿತು. ಅಲ್ಲಿಂದ ಅವಳಿಗೆ ಶಾಖವೇನು, ಬೆಳಕೂ ಸರಿಯಾಗಿ ಮುಟ್ಟುತ್ತಿರಲಿಲ್ಲ.

"ಈಗ ಬರೋಬರಿ ಐತ್ರಿ," ಎಂದು ಅವಳು ಕಣ್ಣು ಮುಚ್ಚಿದಳು.